ಗುಮಟಾಪುರಕ್ಕೆ, ಒಂದು ಸಹಿಗಾಗಿ

ಚಾಮರಾಜನಗರದಲ್ಲಿ ತಾಳವಾಡಿಯ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತ ಗಂಡಸು ಎರಡು ಸಲ ನನ್ನ ಚೀಲದ ಕಡೆ ನೋಡಿದ. ಮೂರನೆಯ ಸಲಕ್ಕೆ ಚೀಲವನ್ನು ತೊಡೆಯ ಮೇಲೆಳೆದುಕೊಂಡೆ. 2006ರ ಜೂನ್ ತಿಂಗಳ ಆ ವಾರ ನನಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಚೀಲದಲ್ಲಿದ್ದದ್ದಾದರೂ ಏನು? ಒಂದು ಜೊತೆ ಬಟ್ಟೆ, ಒಂದು ಪೊಟ್ಟಣ ಕಡ್ಲೆಪುರಿ, ಒಂದು ಖಾಲಿ ಬಿಳಿ ಹಾಳೆ.

ಆ ಹಾಳೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಧರ್ಮಗಳ ಅಧ್ಯಯನದ ಎಂ.ಎ.ಗೆ ಅರ್ಜಿ ಹಾಕಿದ್ದೆ. ಜೊತೆಗೆ, ಕಣ್ಣಾರೆ ಕಂಡ ಒಂದು ಆಚರಣೆಯ ಬಗ್ಗೆ ಪ್ರಬಂಧ ಕೊಡಬೇಕಿತ್ತು. ಹಿಂದಿನ ದೀಪಾವಳಿಯಲ್ಲಿ ಗುಮಟಾಪುರದ ನಂಜಪ್ಪನವರ ಮನೆಯಲ್ಲಿ ಉಳಿದು ಸಗಣಿ ಎರಚುವ ಹಬ್ಬ ನೋಡಿದ್ದೆ, ಅದನ್ನೇ ಬರೆದೆ. ಸಂದರ್ಶನ ಚೆನ್ನಾಗಿಯೇ ನಡೆಯಿತು. ಏಳುವ ಹೊತ್ತಿಗೆ ವಿಭಾಗದ ಅಧ್ಯಕ್ಷರು ಕನ್ನಡಕ ತೆಗೆದು, "ನಿಮ್ಮ ಮೇಲೊಂದು ಮೂಗರ್ಜಿ ಬಂದಿದೆಯಮ್ಮ. ಬರೆದದ್ದು ಸುಳ್ಳಂತೆ, ವಿಚಾರಿಸಬೇಕಂತೆ" ಎಂದರು. ಹತ್ತು ದಿನದಲ್ಲಿ ಸೀಟಿನ ತೀರ್ಮಾನ. ಅಷ್ಟರೊಳಗೆ, ನಾನು ಅಲ್ಲಿಗೆ ಹೋಗಿದ್ದು ನಿಜವೆಂದು ಆ ಊರಿನವರಿಂದ ಬರೆಸಿ ತರಬೇಕು. ಇಲ್ಲದಿದ್ದರೆ ಸೀಟಿನ ಆಸೆ ಬಿಡಬೇಕು.

ಮೂಗರ್ಜಿ ವನಜಾಳದ್ದೇ ಎಂದು ನನಗೆ ಖಾತ್ರಿಯಾಗಿತ್ತು. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಅದೇ ಎಂ.ಎ.ಗೆ ಅರ್ಜಿ ಹಾಕಿದವಳು, ನನ್ನ ಪ್ರಬಂಧ ಓದಿ "ಸಕತ್ತಾಗಿದೆ ಕಣೇ" ಎಂದಿದ್ದವಳು. ಸಂದರ್ಶನದ ದಿನ ಕಾಫಿ ಬೇರೆ ಕೊಡಿಸಿದ್ದಳು. ಸುಮ್ಮಸುಮ್ಮನೆ ಯಾರು ಕಾಫಿ ಕೊಡಿಸುತ್ತಾರೆ?

ಟಿಕೆಟ್ಟು ಹನ್ನೆರಡು ರೂಪಾಯಿ. ಗಡಿ ದಾಟಿದ ಮೇಲೆ ಬೋರ್ಡುಗಳು ತಮಿಳಿಗೆ ತಿರುಗಿದವು, ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲೇ ಉಳಿಯಿತು. ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ, ಆಗಾಗ ನಾಲ್ಕು ಹನಿ. ತಾಳವಾಡಿಯಲ್ಲಿಳಿದು ಆಟೊ ಹಿಡಿದು ಗುಮಟಾಪುರ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ.

ಊರ ಬಾಗಿಲಲ್ಲೇ ಇದ್ದ ಟೀ ಅಂಗಡಿಯವನು, "ಯಾರ ಮನೆಗವ್ವ?" ಎಂದ. ನಂಜಪ್ಪನವರ ಹೆಸರು ಹೇಳಿದೆ. ಬೆಂಚಿನ ಮೇಲೆ ಹರಟುತ್ತಿದ್ದ ಇಬ್ಬರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವನಜಾ ಇಲ್ಲಿಗೂ ಬಂದು ಹೋಗಿದ್ದಾಳೆ ಎಂದುಕೊಂಡೆ. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ನಂಜಪ್ಪನವರ ಹೆಂಡತಿ ಮಾದಮ್ಮ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಹಬ್ಬದಲ್ಲಿ ಬಂದಾಗ "ಇನ್ನೊಂಚೂರು ಉಣ್ಣವ್ವ" ಎಂದು ಬಿಡದೆ ಕಾಡಿದ್ದವರು ಈ ಸಲ ಬಡಿಸಿ ಗೋಡೆಗೆ ಒರಗಿ ಕೂತರು. ಕಡ್ಲೆಪುರಿ ಪೊಟ್ಟಣ ಕೊಟ್ಟೆ. ಬಿಚ್ಚದೆ ಗೂಡಿನಲ್ಲಿಟ್ಟರು.

ಸಂಜೆ ಹೊಲದಿಂದ ಬಂದ ನಂಜಪ್ಪನವರಿಗೆ ನನ್ನ ಗೋಳನ್ನೆಲ್ಲ ತೋಡಿಕೊಂಡೆ. ಮೂಗರ್ಜಿ ಬರೆದವರ ಕೈಗೆ ಹುಳ ಬೀಳಲಿ ಎಂದೂ ಬೈದೆ. ಅವರು ಕೈಕಾಲು ತೊಳೆಯುತ್ತಲೇ ಕೇಳಿಸಿಕೊಂಡರು.

"ಕೈಯೆಳುತ್ತು ಆಕ್ಬೇಕಾ? ಬೆಳಿಗ್ಗ ಯೋಳ್ತೀನಿ, ಉಂಡು ಮನೀಕ ಓಗವ್ವ" ಎಂದರು. ತಮಿಳಿನಿಂದ ಬಂದ ಕೈಯೆಳುತ್ತು ಎಂದರೆ ಸಹಿ. ಒಂದು ಸಹಿಗೆ ಇಡೀ ರಾತ್ರಿ ಯೋಚಿಸುವುದೇನಿದೆ? ಈ ಮನುಷ್ಯನಿಗೂ ಯಾರೋ ತಲೆ ತುಂಬಿದ್ದಾರೆ ಅನ್ನಿಸಿತು.

ಬೆಳಿಗ್ಗೆ ಕಾಫಿಯ ಜೊತೆಗೆ ಅವರು ಒಂದು ಜೆರಾಕ್ಸ್ ತಂದು ನನ್ನ ಮುಂದಿಟ್ಟರು. ನನ್ನದೇ ಪ್ರಬಂಧ. ಖುಷಿಪಡಲಿ ಎಂದು ಏಪ್ರಿಲಿನಲ್ಲಿ ನಾನೇ ಅಂಚೆಯಲ್ಲಿ ಕಳಿಸಿದ್ದೆ. ಮೇಲ್ಗಡೆ ವಿಭಾಗದ ವಿಳಾಸ ದಪ್ಪಕ್ಷರದಲ್ಲಿತ್ತು.

"ನೀವು ಬಯ್ದ್ರಲ್ಲವ್ವ, ಆ ಅರ್ಜಿ ಬರ್ದೋನು ನಾನೇ ಕಣವ್ವ" ಎಂದರು.

ಲೋಟ ಕೆಳಗಿಟ್ಟು ಜೆರಾಕ್ಸನ್ನು ಕೈಗೆತ್ತಿಕೊಂಡೆ.

ಹಬ್ಬದ ದಿನ ಊರಿನವನೊಬ್ಬನಿಗೆ ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಚಾಡಿಕೋರ ಎಂದು ಬೈಯುತ್ತ ಕತ್ತೆಯ ಮೇಲೆ ಮೆರೆಸುತ್ತಾರೆ. ಆಮೇಲೆ ಸಗಣಿ ಎರಚಾಟ. ಕೊನೆಗೆ ಚಾಡಿಕೋರನ ಬೊಂಬೆಯನ್ನು ಸುಡುತ್ತಾರೆ. ಆ ವರ್ಷ ಗಡ್ಡ ಕಟ್ಟಿಸಿಕೊಂಡಿದ್ದವರು ನಂಜಪ್ಪನವರ ತಮ್ಮ. ವಿವರ ಪಕ್ಕಾ ಇರಲಿ ಎಂದು ನಾನು ಅವರ ಹೆಸರು, ಅವರಪ್ಪನ ಹೆಸರು ಎರಡನ್ನೂ ಬರೆದಿದ್ದೆ. ಇಲ್ಲಿ ಬರೆಯುವುದಿಲ್ಲ.

"ಗಡ್ಡ ಕಟ್ದಾಗ ಅವ ಚಾಡಿಕೋರ. ಬೊಂಬ ಸುಟ್ಟು, ಮಿಂದ್ಕಂಡು ಮನೆಗ ಬಂದ್ರ ಅವ ನನ್ ತಮ್ಮ. ಆಮೇಲ ಯಾರೂ ಆ ಮಾತ ಎತ್ತಂಗಿಲ್ಲ. ಬೊಂಬ ಸುಡದು ಅದ್ಕೇಯ. ನೀವು ಅವನ್ನ ಕಾಗದ್ದಲ್ಲಿ ಕೂರುಸ್ಬುಟ್ರಿ. ಕಾಗ್ದವ ಎಲ್ಲಿ ಸುಡದವ್ವ?"

ಪ್ರಬಂಧವನ್ನು ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದರಂತೆ, ಎಲ್ಲರೂ ನಕ್ಕರಂತೆ. ಆದರೆ ಮೇ ತಿಂಗಳಲ್ಲಿ, ಕಾಡಿಗೆ ದನ ಬಿಟ್ಟ ನಾಲ್ಕು ಮನೆಗಳಿಗೆ ದಂಡ ಬಿತ್ತು. ಫಾರೆಸ್ಟಿನವರಿಗೆ ಯಾರೋ ಚಾಡಿ ಹೇಳಿದ್ದಾರೆ ಎಂದಾಯಿತು. ಯಾರು ಎಂಬುದಕ್ಕೆ ಊರಿನಲ್ಲಿ ಬರೆದಿಟ್ಟ ಹೆಸರು ಒಂದೇ ಒಂದಿತ್ತು.

"ಅವ ಈಗ ತಿಗನಾರೆಲಿ ಎಂಡ್ತಿ ಮನೇಲವ್ನೆ, ಕೂಲಿಗೋಯ್ತನೆ" ಎಂದರು ಮಾದಮ್ಮ. "ಇಲ್ಲಿ ಒಲ ಬೀಳ್ ಬಿದ್ದದ."

"ಅರ್ಜಿಗೆ ನಿಮ್ಮ ಹೆಸರು ಹಾಕಬಹುದಿತ್ತಲ್ಲ?" ಎಂದೆ.

"ಇನ್ನೊಂದ್ಸಲ ನಮ್ಮನೆ ಎಸ್ರು ಅಲ್ಲಿಗ ಓಗದು ಬ್ಯಾಡ ಅಂತ. ಈಗ ನೀವೇ ಬಂದ್ರಲ್ಲ, ಕೊಡಿ" ಎಂದು ನಂಜಪ್ಪನವರು ನನ್ನ ಬಿಳಿ ಹಾಳೆಗೆ ಕೈಚಾಚಿದರು.

'ಈ ಅಮ್ಮ ನಮ್ಮ ಮನೆಗೆ ಬಂದದ್ದು, ಹಬ್ಬ ನೋಡಿದ್ದು ನಿಜ' ಎಂದು ಬರೆದು ಸಹಿ ಹಾಕಿದರು. ಪೆನ್ನು ಕೊಡಲು ಹೋದವರು ತಡೆದು, ಕೆಳಗೆ ಇನ್ನೊಂದು ಸಾಲು ಬರೆದರು: 'ನನ್ನ ತಮ್ಮ ಚಾಡಿಕೋರ ಅಂತ ಬರೆದದ್ದು ಸುಳ್ಳು.' ಅದಕ್ಕೂ ಸಹಿ ಹಾಕಿದರು.

ಹಿಂತಿರುಗುವ ಬಸ್ಸಿನಲ್ಲಿ ಆ ಹಾಳೆಯನ್ನು ಎಷ್ಟು ಸಲ ತೆಗೆದು ನೋಡಿದೆನೋ. ಕಚೇರಿಗೆ ಜೆರಾಕ್ಸ್ ಪ್ರತಿ ಸಾಕಿತ್ತು. ಚಾಮರಾಜನಗರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ, ಕೆಳಗಿನ ಸಾಲು ಹಿಂದಕ್ಕೆ ಹೋಗುವಂತೆ ಮಡಚಿ ಕೊಟ್ಟೆ. ಅಂಗಡಿಯವನು ತಿರುಗಿಸಿ ನೋಡಿದ.

"ಇಲ್ಲೂ ಬರ್ದಿದೆಯಲ್ಲ ಮೇಡಂ, ಅದು ಬ್ಯಾಡ್ವಾ?"

ಹಾಳೆಯನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು ಬಿಡಿಸಿ, "ಪೂರ್ತಿ ತೆಗೀರಿ" ಎಂದೆ.

ಮರುದಿನ ಮೈಸೂರಿನಲ್ಲಿ ಅಧ್ಯಕ್ಷರು ಎರಡೂ ಸಾಲು ಓದಿದರು. ಎರಡನೆಯದನ್ನು ಇನ್ನೊಮ್ಮೆ ಓದಿದರು.

"ನೀವು ಹೋಗಿದ್ದು ನಿಜ ಅಂತಾಯ್ತು. ಹಾಗಾದರೆ ಆ ಮೂಗರ್ಜಿ ಬರೀ ಚಾಡಿಯೇನಮ್ಮ?"

"ಮೂಗರ್ಜಿ ನಿಜ ಸಾರ್," ಎಂದೆ. "ಚಾಡಿ ಹೇಳಿದ್ದು ನಾನು."