ಬಾನುಬಿಯ ಕೈ ಮತ್ತು ಚಿಕ್ಕೇರೂರ ಸರದಾರ

ಸವಣೂರಿನ ಬಸ್ ನಿಲ್ದಾಣದ ಎದುರು, ಬಳೆ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಒತ್ತಿಕೊಂಡಂತೆ ಬಾನುಬಿಯ ಫೋಟೋ ಸ್ಟುಡಿಯೋ ಇದೆ. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕಟ್ಟು ಹಾಕಿಸಿ ತೂಗುಹಾಕಿದ ಒಂದು ಕೆಟ್ಟ ಫೋಟೋ. ಅದರಲ್ಲಿ ಹೋರಿಯೊಂದು ಓಡುತ್ತಿರಬೇಕು. ಇರಬೇಕು ಎಂದದ್ದು ಯಾಕೆಂದರೆ, ಹೋರಿ ಇದ್ದ ಜಾಗದಲ್ಲಿ ಕಂದು ಬಣ್ಣವನ್ನು ಒದ್ದೆ ಬಟ್ಟೆಯಿಂದ ಅಡ್ಡಕ್ಕೆ ಒರೆಸಿದ ಹಾಗಿದೆ, ಅಷ್ಟೆ. ಹಿಂದಿನ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತನ್ನು ಮಾತ್ರ ಅಕ್ಷರ ಅಕ್ಷರ ಓದಬಹುದು. ಇಂಥದ್ದನ್ನು ಯಾಕೆ ಇಟ್ಟಿದ್ದೀರಿ ಎಂದು ಗಿರಾಕಿಗಳು ಕೇಳುತ್ತಾರೆ.

"ಗ್ವಾಡಿ ಮ್ಯಾಲಿನ ಅಕ್ಷರ ಓದ್ರಿ," ಎನ್ನುತ್ತಾಳೆ ಬಾನುಬಿ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬಾನುಬಿಗೆ ಈಗ ನಲವತ್ತೊಂಬತ್ತು. ಅವಳ ಬಲಗೈ ನಡುಗುತ್ತದೆ. ಮೂವತ್ತೈದರ ಸುಮಾರಿಗೆ ಒಂದು ದಿನ ಚಹಾದ ಕಪ್ ಕೆಳಗಿನ ಬಸಿಯ ಮೇಲೆ ಕಟಕಟ ಎನ್ನತೊಡಗಿತು, ಆಮೇಲೆ ಆ ಸದ್ದು ನಿಲ್ಲಲೇ ಇಲ್ಲ. ಹುಬ್ಬಳ್ಳಿಯ ಡಾಕ್ಟರು ಕೈ ತಿರುವಿ ಮುರುವಿ ನೋಡಿ, "ಇದರಿಂದ ಜೀವಕ್ಕೇನೂ ಆಗೂದಿಲ್ಲ, ಆದ್ರ ಇದು ಹೋಗೂದೂ ಇಲ್ಲ," ಎಂದರು. ಅವರು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತೇ ಹೊರತು ಕೈ ನಿಲ್ಲಲಿಲ್ಲ. ಇನ್ನೊಂದು ಪಜೀತಿಯೆಂದರೆ, ಯಾರಾದರೂ ಆ ಕೈಯನ್ನೇ ನೋಡುತ್ತ ನಿಂತರೆ ನಡುಕ ಇಮ್ಮಡಿಯಾಗುತ್ತದೆ. ಜನರಿಗಂತೂ ಇನ್ನೊಬ್ಬರ ಕೈ ನೋಡುವುದಕ್ಕಿಂತ ಜರೂರಿನ ಕೆಲಸ ಯಾವಾಗ ಇತ್ತು?

ಸ್ಟುಡಿಯೋ ಅವಳ ಗಂಡ ಮುಜಾಫರನದು. ಹನ್ನೊಂದು ವರ್ಷದ ಹಿಂದೆ ಅವನು ತೀರಿಕೊಂಡಾಗ ಬಂಧು ಬಳಗ ಕೂಡಿ ಬಂದು, ಷಟರ್ ಎಳೆದು ಮನೆಯಲ್ಲಿ ಹೊಲಿಗೆ ಹಾಕಿಕೊಂಡಿರು ಎಂದಿತು. ನಡುಗುವ ಕೈಗೆ ಕ್ಯಾಮೆರಾ ಬೇಡ, ಸೂಜಿ ಇರಲಿ ಎನ್ನುವ ಆ ಬುದ್ಧಿವಂತರಿಗೆ ಬಾನುಬಿ ಚಹಾ ಕೊಟ್ಟು ಕಳಿಸಿದಳು. ಮರುದಿನ ಬೆಳಿಗ್ಗೆ ಅಂಗಡಿ ತೆರೆದಳು. ಪಾಸ್‌ಪೋರ್ಟ್ ಫೋಟೋಗೆ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇರುತ್ತದೆ, ಕೈಯ ಹಂಗಿಲ್ಲ. ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆ ಗಂಡಸು ಫೋಟೋಗ್ರಾಫರರನ್ನು ಬಿಡುವುದಿಲ್ಲ. ಅಲ್ಲಿಗೆ ಬಾನುಬಿಯೇ ಬೇಕು. ಹಾಗೆ ಸಾಗುತ್ತಿತ್ತು.

ಆರು ವರ್ಷದ ಹಿಂದೆ ಚಿಕ್ಕೇರೂರಿನ ಗುದ್ಲೆಪ್ಪ ಮಗಳ ಫೋಟೋ ಮಾಡಿಸಲು ಬಂದ. ಗೋವಿನಜೋಳ ಬೆಳೆಯುವ ರೈತ, ಮಾತಿಗೆ ಮೊದಲು ಫೋನ್ ತೆಗೆದು ತನ್ನ ಹೋರಿ ತೋರಿಸುವ ಜಾತಿಯವನು. ಹಿರೇಕೆರೂರು, ಹಾನಗಲ್ಲ ಕಡೆ ದೀಪಾವಳಿ ಮುಗಿಯಿತೆಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು ಕಟ್ಟಿ ಹೋರಿಯನ್ನು ಓಣಿಯಲ್ಲಿ ಬಿಡುತ್ತಾರೆ. ಹುಡುಗರು ನುಗ್ಗಿ ಕೊಬ್ಬರಿ ಹರಿಯಬೇಕು. ಹರಿಯಲು ಬಿಡದೆ ಗೆರೆ ದಾಟಿದ ಹೋರಿ ಗೆದ್ದಂತೆ. ಗುದ್ಲೆಪ್ಪನ ಹೋರಿಗೆ ಸರದಾರ ಎಂದು ಹೆಸರು, ಅದಕ್ಕೊಂದು ಅಭಿಮಾನಿ ಬಳಗ, ಬಳಗಕ್ಕೆ ಹಳದಿ ಅಂಗಿ. ಬಾನುಬಿ ಫೋನಿನ ಫೋಟೋಗಳನ್ನೆಲ್ಲ ನೋಡಿ, "ಎಲ್ಲಾ ಬಾಲದ ಕಡಿಂದನ ತಗದಾರಲ್ರಿ. ತಗದಾಂವಗ ಅಂಜಿಕಿ ಇತ್ತೇನ?" ಎಂದಳು. ಗುದ್ಲೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ನೀವ ಬರ್ರಿ ಅಕ್ಕಾರ, ಮುಖದ ಕಡಿಂದ ತಗೀರಿ," ಎಂದ.

ಹೋರಿ ಓಡುವ ಓಣಿಗೆ ಹೆಂಗಸರು ಇಳಿಯುವುದಿಲ್ಲ, ಮಾಳಿಗೆಯ ಮೇಲೆ ನಿಂತು ನೋಡುತ್ತಾರೆ. ಮಾಳಿಗೆಯಿಂದ ಹೋರಿಯ ಮುಖ ಹಿಡಿಯಬೇಕೆಂದರೆ ದೂರದ್ದನ್ನು ಎಳೆದು ತರುವ ಲೆನ್ಸ್ ಬೇಕು. ಅಂಥದ್ದೊಂದು ಹಳೆಯದು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಅದು ಕೆರೆ ದಂಡೆಯಲ್ಲಿ ಹಕ್ಕಿ ಹಿಡಿಯುತ್ತಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರರದು. ಅವರು ಹೇಳಿದರು, "ಇದರೊಳಗ ಒಂದು ಸಣ್ಣ ಗಾಜು ತೇಲಾಡತೈತ್ರಿ. ನಿಮ್ಮ ಕೈ ಕೆಳಗ ಹೋದ್ರ ಅದು ಮ್ಯಾಲ ಹೋಗತೈತಿ." ಬಾನುಬಿ ಕಣ್ಣಿಗಿಟ್ಟು ಗುಂಡಿಯನ್ನು ಅರ್ಧ ಒತ್ತಿದಳು. ಗುಂಯ್ ಎಂದು ಸಣ್ಣ ಸದ್ದು ಬಂತು. ಎದುರಿನ ಬೇವಿನ ಮರ ಅಲ್ಲಾಡುತ್ತಿದ್ದದ್ದು ಸುಮ್ಮನೆ ನಿಂತಿತು. ಎಂಟು ವರ್ಷಗಳಲ್ಲಿ ಮೊದಲ ಸಲ ಅವಳ ಕೈಯಲ್ಲಿದ್ದುದೊಂದು ನಿಂತಿತ್ತು. ಮ್ಯಾನೇಜರರ ಎದುರು ಕಣ್ಣೊರೆಸಿಕೊಳ್ಳಬೇಕಾಯಿತು.

ಐದು ವರ್ಷ ಸರದಾರನ ಫೋಟೋ ಅವಳೇ ತೆಗೆದಳು. ಮಾಳಿಗೆಯ ಮೇಲೆ ಯಾರೂ ಅವಳ ಕೈ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಹೋರಿಯ ಮೇಲೆ. ಅದೇ ಸುಖ. ಆದರೆ ಸುಖಕ್ಕೆ ಬಿದ್ದು ಲೆನ್ಸನ್ನು ಅತಿಯಾಗಿ ನಂಬಿದಳು. ಹೋದ ವರ್ಷ ಮೋಡ ಮುಚ್ಚಿದ ಬೆಳಕಿನಲ್ಲಿ, ಲೆನ್ಸ್ ಇದೆಯಲ್ಲ ಎಂದುಕೊಂಡು, ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುವಂತೆ ಅದರ ವೇಗ ಇಳಿಸಿದಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆಂದವೇ ಕಂಡಿತು. ಹಳದಿ ಅಂಗಿಯವರ ಅವಸರಕ್ಕೆ ಅಲ್ಲಿಂದಲೇ ಗುದ್ಲೆಪ್ಪನ ಫೋನಿಗೆ ಕಳಿಸಿದಳು. ಹಿರೇಕೆರೂರಿನಲ್ಲಿ ಹತ್ತಡಿಯ ಬ್ಯಾನರ್ ಏರಿದಾಗ ನೋಡಿದರೆ ಗೊಬ್ಬರದ ಜಾಹೀರಾತು ಫಳಫಳ, ಸರದಾರ ಹೊಗೆ. ಬಸ್ಸಿಗೆ ಕಾಯುವವರಿಗೆಲ್ಲ ಅದೇ ಮಾತು: ಬಾನುಬಿಯ ಕೈ ನಡುಗಿತು.

ಕೈ ನಡುಗಿದ್ದರೆ ಗೋಡೆಯ ಅಕ್ಷರಗಳೂ ನಡುಗಬೇಕಿತ್ತಲ್ಲ. ಆ ಗಾಜು ಅವಳ ಕೈಯನ್ನು ನಿಲ್ಲಿಸಿತ್ತು, ಓಡುವ ಹೋರಿಯನ್ನು ನಿಲ್ಲಿಸುವುದು ಅದರ ಕೆಲಸವಲ್ಲ. ತಪ್ಪು ಅವಳದೇ, ಆದರೆ ಅವಳ ತಲೆಯದು, ಕೈಯದಲ್ಲ. ಇದನ್ನು ಹೇಳಲು ಹೋದರೆ ಜನ ಅವಳ ಕೈ ನೋಡುತ್ತಿದ್ದರು, ಕೈ ಇನ್ನೂ ಜೋರಾಗಿ ನಡುಗುತ್ತಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಕೆಟ್ಟ ಫೋಟೋಗೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದಳು.

ಆಮೇಲೆ ಪ್ರತಿ ಭಾನುವಾರ ಶಿಗ್ಗಾಂವದ ಬಸ್ ಹತ್ತತೊಡಗಿದಳು. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಬರುವ ಲಾರಿಗಳನ್ನು ಲೆನ್ಸಿನಲ್ಲಿ ಹಿಡಿದು ಅವುಗಳ ಜೊತೆಗೇ ತಿರುಗುತ್ತ ಕ್ಲಿಕ್ ಮಾಡುವುದು. ಚಾಲಕರು ಹಾರ್ನ್ ಹೊಡೆದರು. ಒಂದು ದಿನ ಪೊಲೀಸ್ ಜೀಪು ನಿಂತಿತು.

"ಯಾರ ಕಡಿಯವರ್ರಿ ನೀವು?"

"ನನ್ನ ಕಡಿಯಾಕೀನ ರೀ."

"ಇಷ್ಟ ಲಾರಿ ಫೋಟೋ ತಗೊಂಡು ಏನ್ ಮಾಡ್ತೀರಿ?"

"ಅಳಿಸಿಬಿಡ್ತೇನ್ರಿ."

ಪೊಲೀಸನು ಬಿಸಿಲಿಗೆ ಹುಷಾರು ಎಂದು ಹೇಳಿ ಹೋದ.

ಆ ಲೆನ್ಸಿನ ಪಕ್ಕದಲ್ಲಿ ಒಂದು, ಎರಡು ಎಂದು ಬರೆದ ಸಣ್ಣ ಸ್ವಿಚ್ಚಿದೆ. ಒಂದರಲ್ಲಿಟ್ಟರೆ ಲೆನ್ಸ್ ಎಲ್ಲ ಅಲುಗಾಟವನ್ನೂ ತಡೆಯುತ್ತದೆ; ಲಾರಿಯ ಜೊತೆ ತಿರುಗಿದರೆ ಆ ತಿರುಗುವುದನ್ನೂ ತಡೆಯಲು ನೋಡಿ ಜಗ್ಗುತ್ತದೆ. ಎರಡಕ್ಕಿಟ್ಟರೆ ಅಡ್ಡ ತಿರುಗಲು ಬಿಟ್ಟು, ಮೇಲೆ ಕೆಳಗಿನ ನಡುಕವನ್ನಷ್ಟೇ ಹಿಡಿಯುತ್ತದೆ. ಐದು ವರ್ಷ ಅವಳು ಆ ಸ್ವಿಚ್ಚು ಮುಟ್ಟಿರಲಿಲ್ಲ. ಎರಡಕ್ಕೆ ಸರಿಸಿದರೆ ಅರ್ಧ ಆಸರೆ ಹೋಗಿಬಿಡುತ್ತದೆಂಬ ಭಯ. ನಾಲ್ಕನೇ ಭಾನುವಾರ ಭಯವನ್ನು ಬೈದುಕೊಂಡೇ ಸರಿಸಿದಳು. ಕ್ಯಾಮೆರಾದ ವೇಗವನ್ನೂ ಏರಿಸಿದಳು. ಮಳೆಗಾಲ ಮುಗಿಯುವುದರೊಳಗೆ ಓಡುವ ಲಾರಿಯ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಎಣಿಸುವಂತೆ ಹಿಡಿಯತೊಡಗಿದಳು.

ಈ ಸಲದ ಹಬ್ಬಕ್ಕೆ ಎಂಟು ದಿನ ಇರುವಾಗ, ಅದನ್ನು ನಡೆಸುವ ಕಮಿಟಿಯ ರುದ್ರೇಶ ಫೋನ್ ಮಾಡಿದ. "ಬಾನಕ್ಕಾ, ಈ ಸಲ ಡ್ರೋನ್ ತರಸೇವಿ. ನೀವು ಬರ್ರಿ, ಉಂಡು ಹೋಗ್ರಿ. ಕ್ಯಾಮೆರಾ ತರಬ್ಯಾಡ್ರಿ, ಮತ್ತ ಮಂದಿ ನಗತಾರ."

"ನಗ್ಲಿ, ಉಂಡದ್ದರ ಅರಗತೈತಿ. ನಾ ಕ್ಯಾಮೆರಾ ತರ್ತೇನಿ," ಎಂದಳು ಬಾನುಬಿ.

ರುದ್ರೇಶ ಒಪ್ಪಲಿಲ್ಲ. ಒಪ್ಪಿಸಿದವನು ಗುದ್ಲೆಪ್ಪ. ಕಮಿಟಿಯ ಮುಂದೆ ಎದ್ದು ನಿಂತು, "ಬಾನಕ್ಕಾರು ಮಾಳಿಗಿ ಮ್ಯಾಲ ಇಲ್ಲಂದ್ರ ನನ್ನ ಹೋರಿ ಅಖಾಡಕ್ಕ ಇಳಿಯೂದಿಲ್ಲ," ಎಂದನಂತೆ. ಸರದಾರ ಇಲ್ಲದ ಹಬ್ಬ ಯಾರಿಗೆ ಬೇಕು? ಸುದ್ದಿ ಕೇಳಿದ ಬಾನುಬಿ ಅಂದೇ ಕ್ಯಾಮೆರಾದ ಚೀಲ ಕಟ್ಟಿಟ್ಟಳು. ಅವಳ ಪರವಾಗಿ ಯಾರಾದರೂ ಹಾಗೆ ಎದ್ದು ನಿಂತು ಬಹಳ ವರ್ಷಗಳಾಗಿದ್ದವು.

ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ಗೊಬ್ಬರದ ಜಾಹೀರಾತಿನ ಗೋಡೆಗೆ ಎದುರಿನ ಮಾಳಿಗೆಯಲ್ಲಿ, ಹೆಂಗಸರ ನಡುವೆ ಬಾನುಬಿ ನಿಂತಳು. ಸ್ವಿಚ್ಚು ಎರಡರಲ್ಲಿತ್ತು. ಬಿಟ್ಟ ಬಾಣದಂತೆ ಸರದಾರ ಬಂತು. ಅವಳೂ ಅದರ ಜೊತೆಗೆ ತಿರುಗಿದಳು, ಉಸಿರು ಬಿಡದೆ. ಗೆರೆಯ ಹತ್ತಿರ ಒಬ್ಬ ಅಡ್ಡ ಜಿಗಿದ, ಬಿದ್ದ, ಉರುಳಿದ. ಹೋರಿ ದಾಟಿಹೋಯಿತು. ಬಿದ್ದವನು ಎದ್ದು ನಿಂತು ಕೈ ಮೇಲೆತ್ತಿದ. ಕೈಯಲ್ಲಿ ಒಂದು ಕೊಬ್ಬರಿ ಬಟ್ಟಲಿತ್ತು.

ಅವನು ತಿಳವಳ್ಳಿಯ ಲೋಹಿತ, ಗೋವಿನಜೋಳ ಒಕ್ಕುವ ಮಷಿನ್ನಿನ ಮೇಲೆ ದುಡಿಯುವವನು. ಹರಿದೆ ಎಂದು ಅವನು, ಉದುರಿ ಬಿದ್ದದ್ದನ್ನು ಆರಿಸಿಕೊಂಡ ಎಂದು ಹಳದಿ ಅಂಗಿಯವರು. ಬಿದ್ದ ಕೊಬ್ಬರಿಗೆ ಲೆಕ್ಕವಿಲ್ಲ. ಡ್ರೋನಿನಲ್ಲಿ ಬಲೂನುಗಳ ನೆತ್ತಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಗಟ್ಟಿ ಕೈಯವರ ಫೋನುಗಳಲ್ಲಿ ನೆಲ, ಆಕಾಶ, ಯಾರದೋ ಚಪ್ಪಲಿ. ಕಡೆಗೆ ರುದ್ರೇಶನೇ ಮಾಳಿಗೆಯ ಕಡೆ ಮುಖ ಎತ್ತಿ, "ಬಾನಕ್ಕಾ, ನಿಮ್ಮ ಹಂತ್ಯಾಕ ಏನರ ಐತೇನು?" ಎಂದು ಕೂಗಬೇಕಾಯಿತು.

ಇತ್ತು. ಬಾನುಬಿ ಆಗಲೇ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ್ದಳು. ಹೋದ ವರ್ಷ ಕಲಿತ ಪಾಠ ಅದು. ನೋಡಿದವಳು ಓಣಿಯಲ್ಲಿ ಮೊದಲು ಗುದ್ಲೆಪ್ಪನನ್ನು ಹುಡುಕಿದ್ದಳು.

ಅವಳು ಇಳಿಯುವಷ್ಟರಲ್ಲಿ ಗುದ್ಲೆಪ್ಪ ಮೆಟ್ಟಿಲು ಹತ್ತಿ ಬಂದಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ದನಿ ಇಳಿಸಿ ಹೇಳಿದ, "ಅಕ್ಕಾರ, ಸರದಾರ ಮೂರು ವರ್ಷದಿಂದ ಸೋತಿಲ್ಲ. ನೀವು ಸುಳ್ಳು ಹೇಳೂದು ಬ್ಯಾಡ್ರಿ. ಕೈ ನಡುಗೇತಿ, ಫೋಟೋ ಬಂದಿಲ್ಲ, ಅಷ್ಟ ಅನ್ರಿ. ಯಾರೂ ಇಲ್ಲ ಅನ್ನೂದಿಲ್ಲ."

ನಿಜ, ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅದೇ ಅವಳ ಹೊಟ್ಟೆಗೆ ಬೆಂಕಿ ಇಟ್ಟದ್ದು. ಇಡೀ ಕಮಿಟಿಯ ಮುಂದೆ ಅವಳಿಗಾಗಿ ಎದ್ದು ನಿಂತವನು ಇವನೇ. ಆ ಋಣ ಅವಳು ಮರೆತಿರಲಿಲ್ಲ.

"ಅದನ್ನ ಹೇಳಾಕ ನಾಕು ತಾಲೂಕಿನ ಮಂದಿ ಅದಾರ್ರಿ, ಅಣ್ಣಾರ. ನಾನೂ ಹೇಳಿಬಿಟ್ರ, ಅಲ್ಲ ಅನ್ನಾಕ ಯಾರ ಉಳಿತಾರ?"

ಗುದ್ಲೆಪ್ಪ ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದ. ಬಾನುಬಿ ಕೆಳಗಿಳಿದು ಹೋದಳು.

ಓಣಿಯಲ್ಲಿ ಅವಳ ಸುತ್ತ ಮಂದಿ ಮುತ್ತಿದರು. ಎಲ್ಲರ ಕಣ್ಣೂ ಈಗ ಅವಳ ಕೈಯ ಮೇಲೆಯೇ. ಕೈ ಎಂದೂ ಇಲ್ಲದಷ್ಟು ನಡುಗಿತು. ರುದ್ರೇಶ ಕೈ ಚಾಚಿದ. "ಇತ್ತ ಕೊಡ್ರಿ, ನಾ ಹಿಡಿತೇನಿ. ನಿಮ್ಮ ಕೈ ನಡುಗಾಕತ್ತೇತಿ."

"ನಡುಗ್ಲಿ. ನಾನ ಹಿಡಿತೇನಿ, ನೀವು ನೋಡ್ರಿ."

ಹಾಗೇ ಹಿಡಿದಳು. ಪರದೆ ಮೇಲೆ ಕೆಳಗೆ ಆಡುತ್ತಿತ್ತು. ಅದರ ಜೊತೆಗೆ ರುದ್ರೇಶನ ತಲೆ, ಲೋಹಿತನ ತಲೆ, ಹಳದಿ ಅಂಗಿಯವರ ತಲೆಗಳೆಲ್ಲ ಮೇಲೆ ಕೆಳಗೆ ಆಡಿದವು. ಯಾರೂ ನಗಲಿಲ್ಲ. ಫೋಟೋದಲ್ಲಿ ಸರದಾರನ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಕೊರಳ ಸರದೊಳಗೆ ಲೋಹಿತನ ನಾಲ್ಕು ಬೆರಳು ಸಿಕ್ಕಿದ್ದವು, ದಾರ ಅವನ ಹಿಡಿತಕ್ಕೆ ಬಿಗಿದು ನಿಂತಿತ್ತು. ಹಿಂದೆ ಗೋಡೆಯಿತ್ತು. ಅದರ ಮೇಲಿನ ಗೊಬ್ಬರದ ಹೆಸರನ್ನು ರುದ್ರೇಶ ತನಗೆ ತಿಳಿಯದೆಯೇ ಬಾಯಿಬಿಟ್ಟು ಓದಿದ. ಆಮೇಲೆ, "ಹರದಾನ. ಕೊಬ್ಬರಿ ಲೋಹಿತಂದು," ಎಂದ.

ಗುದ್ಲೆಪ್ಪ ಕೊನೆಗೆ ಬಂದು ನೋಡಿದ. "ಎಷ್ಟು ಚಂದ ಬಂದಾನ ನಮ್ಮ ಸರದಾರ," ಎಂದ. ಆಮೇಲೆ ಪರದೆಯ ಮೇಲೆ ಲೋಹಿತನ ಬೆರಳು ತೋರಿಸಿ ಕೇಳಿದ, "ಆ ಕೈ ಅಷ್ಟು ಕತ್ತರಿಸಿ ಕೊಡ್ತೀರೇನು? ಬ್ಯಾನರ್‌ಗೆ."

"ಇಲ್ಲರಿ ಅಣ್ಣಾರ," ಎಂದಳು ಬಾನುಬಿ.

ಅವನು ಹೋರಿ ಹೊಡೆದುಕೊಂಡು ಮನೆಗೆ ಹೋದ. ಆಮೇಲೆ ಫೋನೂ ಇಲ್ಲ, ಬರುವುದೂ ಇಲ್ಲ. ಸ್ಟುಡಿಯೋದಲ್ಲಿ ಕೆಟ್ಟ ಫೋಟೋದ ಕೆಳಗೆ ಈಗ ಎರಡನೆಯದು ತೂಗುತ್ತಿದೆ, ಅದೇ ಗೋಡೆ, ಅದೇ ಹೋರಿ, ಲೋಹಿತನ ಬೆರಳುಗಳ ಸಮೇತ. ಬಸ್ ನಿಲ್ದಾಣದಲ್ಲಿ ಹಿರೇಕೆರೂರಿನ ಗಾಡಿ ನಿಂತಾಗೊಮ್ಮೆ ಬಾನುಬಿ ಇಳಿಯುವವರನ್ನು ನೋಡುತ್ತಾಳೆ. ಗುದ್ಲೆಪ್ಪ ಬಂದರೆ ಕುರ್ಚಿ ಒರೆಸಿ ಕೂಡಿಸುತ್ತಾಳೆ, ಬಸಿಯ ಮೇಲೆ ಕಪ್ ಕಟಕಟ ಎನ್ನುತ್ತಿದ್ದರೂ ತನ್ನ ಕೈಯಾರೆ ಚಹಾ ಕೊಡುತ್ತಾಳೆ. ಫೋಟೋ ಮಾತ್ರ ಇಳಿಸುವುದಿಲ್ಲ.