ಮಸ್ಕತ್ತಿನ ಮಾಳಿಗೆಗೆ ಜೋಲಿ ಕಟ್ಟಿದ ವಸೀಮಾ

ನಲ್ಲಿ ಸೋರಿದರೆ ನಮ್ಮ ಕಡೆಯ ಗಂಡಸು ಮೊದಲು ನಲ್ಲಿಯನ್ನು ಬೈಯುತ್ತಾನೆ, ಆಮೇಲೆ ಹೆಂಡತಿಯನ್ನು. ಅಷ್ಟು ದಣಿದ ಮೇಲೆ ಹೊರಸಿನ ಮೇಲೆ ಅಡ್ಡಾಗಿ, ಮಿಸ್ತ್ರಿಗೆ ಹೇಳಿ ಕಳಿಸಿದ್ದೇನೆ ಎನ್ನುತ್ತಾನೆ. ಮಿಸ್ತ್ರಿ ಬಂದರೆ ಅವನನ್ನೂ ‘ಲೇ’ ಎಂದೇ ಕರೆಯುತ್ತಾನೆ. ಇಂಥವನನ್ನು ವಿಮಾನ ಹತ್ತಿಸಿ ಪರದೇಶಕ್ಕೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಸ್ಕಿಯ ನಮ್ಮ ಓಣಿಯ ಅಖ್ತರ್ ಸಾಕ್ಷಿ. ಆದರೆ ಇದು ಅಖ್ತರನ ಕಥೆಯಲ್ಲ, ಅವನ ಹೆಂಡತಿ ವಸೀಮಾಳದು. ಅವನದನ್ನು ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ವಸೀಮಾ ತುರ್ವಿಹಾಳದವಳು. ಮದುವೆಯಾದ ತಿಂಗಳಿಗೇ ಅಖ್ತರ್ ಮಸ್ಕತ್ತಿಗೆ ಹಾರಿದ. ಅಲ್ಲೊಂದು ಬೇಕರಿಯ ವ್ಯಾನು ಓಡಿಸುತ್ತಾನೆ. ಇವಳು ಮಸ್ಕಿಯ ಅತ್ತೆಮನೆಯಲ್ಲಿ ಕೂತು ಫೋನಿನೊಳಗಿನ ಗಂಡನ ಜೊತೆ ಸಂಸಾರ ಮಾಡಿದಳು. ನೆಟ್‌ವರ್ಕ್ ಹೋದರೆ ಗಂಡನೂ ಹೋದ. ಅವನೊಮ್ಮೆ ರಜೆಗೆ ಬಂದು ಹೋದದ್ದಕ್ಕೆ ಗುರುತಾಗಿ ಹುಸ್ನಾ ಹುಟ್ಟಿದಳು. ಕೊನೆಗೂ ಅಖ್ತರನಿಗೆ ಸಣ್ಣದೊಂದು ಬಾಡಿಗೆ ಮನೆ ಸಿಕ್ಕು, ಹೆಂಡತಿ-ಕೂಸನ್ನು ಕರೆಸಿಕೊಂಡ. ಮನೆಯ ಮಾಲೀಕ ಹಿಂದಿ ಬಲ್ಲ ಮುದುಕ. ಅವನದು ಒಂದೇ ಷರತ್ತು: ಗೋಡೆಗಾಗಲಿ ಮಾಳಿಗೆಗಾಗಲಿ ಮೊಳೆ ಹೊಡೆದರೆ ಮನೆ ಖಾಲಿ ಮಾಡಬೇಕು. ಖಾಲಿಯಾದರೆ ಅಖ್ತರ್ ಮತ್ತೆ ಗಂಡಸರು ತುಂಬಿದ ಖೋಲಿಗೆ, ವಸೀಮಾ ಮತ್ತೆ ಮಸ್ಕಿಗೆ, ಅದೇ ಫೋನಿನೊಳಗಿನ ಸಂಸಾರಕ್ಕೆ.

ಈ ಷರತ್ತು ಹುಸ್ನಾಳಿಗೆ ಗೊತ್ತಿರಲಿಲ್ಲ. ಅವಳು ಮಸ್ಕಿಯ ಮನೆಯ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ತೂಗಿಸಿಕೊಂಡು ಬೆಳೆದ ಕೂಸು. ಮಸ್ಕತ್ತಿನ ಹಾಸಿಗೆ ಅಲುಗುವುದಿಲ್ಲ. ಅಲುಗದ ಜಾಗದಲ್ಲಿಯೂ ನಿದ್ದೆ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅತ್ತಳು, ಅಳುತ್ತಲೇ ಇದ್ದಳು. ನಿದ್ದೆಗೆಟ್ಟ ಅಖ್ತರ್ ಒಂದು ದಿನ ಮದುವೆಯ ಕೇಕನ್ನು ಕ್ಷೌರದಂಗಡಿಗೆ ಇಳಿಸಿ ಬಂದ. ಅವರೂ ಬೇಡವೆನ್ನಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಅಳುವಿನ ಬಗ್ಗೆ ದೂರು ಕೊಟ್ಟರು. ಶುಕ್ರವಾರ ನಮಾಜು ಮುಗಿಸಿ ಬರುತ್ತೇನೆ ಎಂದು ಮಾಲೀಕ ಹೇಳಿ ಕಳಿಸಿದ. ಕೂಸು ಅತ್ತರೆ ಮನೆ ಹೋಗುತ್ತದೆ, ಜೋಲಿಗೆ ಕೊಂಡಿ ಹೊಡೆದರೂ ಹೋಗುತ್ತದೆ.

ಅಖ್ತರನ ಅಪ್ಪ ಹುಸೇನ್‌ಸಾಬ್ ಮಸ್ಕಿಯ ಹೊರಸಿನ ಮೇಲಿಂದಲೇ ಫೋನಿನಲ್ಲಿ ಇತ್ಯರ್ಥ ಮಾಡಿದರು.

“ಕೊಂಡಿ ಹೊಡಿಯೋ ಮಾಳಗಿಗೆ. ಮಾಲೀಕ ಏನ್ ಮ್ಯಾಲ ನೋಡಕೋಂತ ಕುಂದ್ರತಾನೇನು?”

ನಮ್ಮ ಮಸ್ಕಿ, ಲಿಂಗಸುಗೂರಿನ ಕಲ್ಲುಗೋಡೆಗೆ ಮೊಳೆ ಹೊಡೆಯುವುದೆಂದರೆ ಕುಸ್ತಿ. ಮೊಳೆ ಡೊಂಕಾಗುತ್ತದೆ, ಬೆರಳು ಜಜ್ಜಿಹೋಗುತ್ತದೆ, ಗೋಡೆ ಹಾಗೇ ಇರುತ್ತದೆ. ಆ ಲೆಕ್ಕದಲ್ಲಿ ಅಖ್ತರ್ ಮೈಯೆಲ್ಲ ಬಿಗಿಹಿಡಿದು ಸುತ್ತಿಗೆ ಎತ್ತಿದ. ಕೊಂಡಿ ಬದನೆಕಾಯಿಗೆ ಕಡ್ಡಿ ಚುಚ್ಚಿದಂತೆ ಒಳಗೆ ಹೋಯಿತು. ಇದು ತನ್ನ ರಟ್ಟೆಯ ಬಲವೆಂದು ಅವನು ತಿಳಿದ. ನಮ್ಮಲ್ಲಿ ಹೊಸ ಜೋಲಿಗೆ ಕೂಸಿಗಿಂತ ಮೊದಲು ಗುಂಡುಕಲ್ಲು ಇಟ್ಟು ತೂಗುತ್ತೇವಲ್ಲ, ಮಸ್ಕತ್ತಿನಲ್ಲಿ ಗುಂಡುಕಲ್ಲು ಎಲ್ಲಿ ತರುವುದು? ಸಿಂಧನೂರಿನಿಂದ ಹೊತ್ತು ತಂದಿದ್ದ ಅಕ್ಕಿಚೀಲವನ್ನೇ ಇಟ್ಟರು. ಒಂದೆರಡು ಸಲ ತೂಗಿದ್ದಷ್ಟೇ. ಕೊಂಡಿ, ಜೋಲಿ, ಚೀಲ, ಜೊತೆಗೆ ಚಾಪೆಯಷ್ಟಗಲದ ಮಾಳಿಗೆ, ಎಲ್ಲ ಒಟ್ಟಿಗೆ ಕೆಳಗಿಳಿದವು. ಅಖ್ತರ್ ಹಿಟ್ಟಿನ ಗಿರಣಿಯವನಂತೆ ಬೆಳ್ಳಗೆ ನಿಂತ. ಮಸ್ಕತ್ತಿಗೆ ಬಂದ ಮೇಲೆ ಹುಸ್ನಾ ಮೊದಲ ಸಲ ನಕ್ಕಳು.

ಕಟ್ಟಡದ ಕೆಲಸದವನನ್ನು ಕರೆಯುವಂತಿಲ್ಲ, ಅವನು ಮಾಲೀಕನ ಉಪ್ಪು ತಿನ್ನುವವನು. ಮತ್ತೆ ಮಸ್ಕಿಗೆ ಫೋನು. ಅತ್ತೆ ಮೆಹಬೂಬ್‌ಬೀ ಜೋಳದ ಹಿಟ್ಟನ್ನು ಗಟ್ಟಿಯಾಗಿ ನಾದಿ ಮೆತ್ತಲು ಹೇಳಿದರು. ತಮ್ಮ ಒಲೆಯ ಬಿರುಕು ಹಾಗೇ ನಿಂತಿದೆಯಂತೆ. ಅಖ್ತರ್ ಬೇಕರಿಯ ರಟ್ಟಿನ ಡಬ್ಬಿ ಹರಿದು ತೂತಿಗೆ ಅಡ್ಡ ಹಚ್ಚಿ, ಮೇಲೆ ಹಿಟ್ಟು ಮೆತ್ತಿದ. ಮಸ್ಕತ್ತಿನ ಕಾವಿಗೆ ಮರುದಿನವೇ ಅದು ರೊಟ್ಟಿಯಾಗಿ ಕಳಚಿ ಬಿತ್ತು. ತಿನ್ನಬಹುದಿತ್ತು, ಉಪ್ಪು ಹಾಕಿರಲಿಲ್ಲ.

ಹುಸೇನ್‌ಸಾಬರ ಮನೆಯಲ್ಲಿ ಸೊಸೆ ನಿಚ್ಚಣಿಕೆ ಹತ್ತುವುದೆಂದರೆ ಖಾನದಾನಿಗೇ ಅವಮಾನ. ಬಲ್ಬು ಹೋದರೆ ಗಂಡಸರು ಬರುವವರೆಗೆ ಕತ್ತಲಲ್ಲೇ ಕೂರಬೇಕು. ಮೊಳೆ ಎಂದರೇನೆಂದು ವಸೀಮಾಳಿಗೆ ಗಂಡನಷ್ಟೇ ಗೊತ್ತಿತ್ತು, ಅಂದರೆ ಗೊತ್ತಿರಲಿಲ್ಲ. ಆದರೂ ಅವಳು ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ತೂತಿನೊಳಗೆ ತಲೆ ತೂರಿಸಿದಳು.

“ರೀ, ನೀವು ಹೊಡದದ್ದು ಸುಳ್ಳು ಮಾಳಗಿಗೆ. ಇದು ಬರೇ ತೆಳ್ಳನ ಹಲಗಿ, ಕಾಂಕ್ರೀಟಿನ ಖರೇ ಮಾಳಗಿ ಇನ್ನೂ ಮ್ಯಾಲೈತಿ.”

ಇಬ್ಬರೂ ಅಂಗಡಿಗೆ ಹೋದರು. ಯಾವ ಹಲಗೆ, ಯಾವ ಪುಟ್ಟಿ, ಕಾಂಕ್ರೀಟಿಗೆ ಎಂಥ ಬೋಲ್ಟು ಎಂದು ಕೇಳಿದವಳು ವಸೀಮಾ. ಅಂಗಡಿಯವನು ಉತ್ತರ ಕೊಟ್ಟದ್ದೆಲ್ಲ ಅಖ್ತರನಿಗೆ. ಅಖ್ತರ್ ತಿಳಿದವನಂತೆ ತಲೆಯಾಡಿಸಿದ. ಈ ರೋಗ ನಮ್ಮೂರಿನದು ಮಾತ್ರ ಅಂದುಕೊಂಡಿದ್ದೆ. ಸಮುದ್ರ ದಾಟಿದರೂ ಇದಕ್ಕೆ ಮದ್ದಿಲ್ಲ. ಬಾಡಿಗೆಯ ಡ್ರಿಲ್ ಹಿಡಿದು ಅವಳೇ ಖರೇ ಮಾಳಿಗೆಗೆ ಬೋಲ್ಟು ಕೂರಿಸಿದಳು. ಮೊದಲು ಕತ್ತರಿಸಿದ ಹಲಗೆ ಚಿಕ್ಕದಾಯಿತು, ಮುಂದಿನದು ದೊಡ್ಡದಾಯಿತು. ಯಾರನ್ನೂ ಬೈಯದೆ ಮತ್ತೊಂದು ಕತ್ತರಿಸಿದಳು, ಅದು ಕೂತಿತು. ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹಚ್ಚಿದಳು. ಬೋಲ್ಟಿನ ಕೊಂಡಿಯೊಂದು ಮಾತ್ರ ಕೆಳಗೆ ಇಣುಕುತ್ತಿತ್ತು. ಅಖ್ತರ್ ಅಕ್ಕಿಚೀಲ ಎತ್ತಲು ಹೋದ.

“ಚೀಲ ಬಿಡ್ರಿ,” ಅಂದಳು. “ಈ ಸಲ ನೀವ ಜೋತು ಬೀಳ್ರಿ.”

ಕಾಲು ಮಡಚಿಕೊಂಡು ಜೋತುಬಿದ್ದ. ಮಾಳಿಗೆ ಮಿಸುಕಲಿಲ್ಲ. ಹುಸ್ನಾ ಜೋಲಿಗೆ ಬಿದ್ದವಳು ಸಂಜೆಯತನಕ ಕಣ್ಣು ತೆರೆಯಲಿಲ್ಲ. ಅಖ್ತರ್ ತಕ್ಷಣ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ಮಾಳಿಗೆ ತೋರಿಸಿದ. “ನಾನ ಮಾಡೀನಿ, ಅಬ್ಬಾ.” ಹುಸೇನ್‌ಸಾಬ್ ಮರುದಿನ ಲಿಂಗಸುಗೂರಿನ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದರಂತೆ, ಮಗ ಮಸ್ಕತ್ತಿನಲ್ಲಿ ಮಾಳಿಗೆ ಕಟ್ಟುತ್ತಾನೆಂದು.

ಶುಕ್ರವಾರ ಮಾಲೀಕ ಬಂದ. ಬಂದವನೇ ಮೇಲೆ ನೋಡಿದ. ಇದನ್ನು ಮಾಡಿದ್ದು ಯಾರು ಎಂದು ಹಿಂದಿಯಲ್ಲಿ ಕೇಳಿದ.

ಅಖ್ತರನ ಬೆರಳು ತಾನಾಗಿಯೇ ಎದ್ದು ಹೆಂಡತಿಯ ಕಡೆ ತಿರುಗಿತು. “ಅಕಿ ಮಾಡ್ಯಾಳ್ರಿ. ನಾ ಬ್ಯಾಡಂದೆ.”

ಹೆಸರು ಬರುವಾಗ ಗಂಡ, ಹೊಣೆ ಬರುವಾಗ ಹೆಂಡತಿ. ಇದು ಅಖ್ತರನೊಬ್ಬನ ಕಸುಬೆಂದು ಯಾರೂ ನಗಬೇಡಿ. ಇದನ್ನು ಓದುತ್ತಿರುವ ಮಹನೀಯರು ಒಮ್ಮೆ ತಮ್ಮ ಬೆರಳನ್ನೂ ನೋಡಿಕೊಳ್ಳಿ.

ವಸೀಮಾ ಜೋಲಿಗೆ ಅಡ್ಡ ಬಂದು ನಿಂತಳು. ಮಸ್ಕಿಯ ದಾರಿ ಕಣ್ಣೆದುರಿಗೇ ಇತ್ತು. ತನಗೆ ಬಂದ ದಖ್ಖನಿ ಹಿಂದಿಯಲ್ಲಿ ಹೇಳಿದಳು: “ಹೌದ್ರಿ, ನಾನ ಮಾಡೀನಿ. ಬಿಡಂದ್ರ ಮನಿ ಬಿಡ್ತೀವಿ, ತೂತು ಮುಚ್ಚೇ ಹೋಗ್ತೀನಿ. ಆದ್ರ ಸಣ್ಣಗ ಮಾತಾಡ್ರಿ, ಕೂಸು ಮಲಗೈತಿ.”

ಮುದುಕ ಸ್ಟೂಲು ಎಳೆದುಕೊಂಡು ಹತ್ತಿ ತೇಪೆಯ ಅಂಚನ್ನು ಬೆರಳಿನಿಂದ ಸವರಿದ. ಇಳಿದು, ದನಿ ತಗ್ಗಿಸಿ, ಕೆಳಗಿನ ಮನೆಯ ಮಾಳಿಗೆಯೂ ಜೋತುಬಿದ್ದಿದೆ, ತನ್ನ ಕೆಲಸದವ ನಾಳೆ ನಾಳೆ ಅನ್ನುತ್ತಲೇ ಇದ್ದಾನೆ ಅಂದ. ಮನೆಯಲ್ಲಿ ಇರಿ, ಅದೊಂದು ಮಾಡಿಕೊಡಿ ಅಂದ. ಅಖ್ತರ್ ಎದೆಯುಬ್ಬಿಸಿ ಮುಂದೆ ಬಂದ. ಮುದುಕ ಅವನನ್ನು ಬಳಸಿ ಮುಂದೆ ಹೋಗಿ ವಸೀಮಾಳ ಫೋನ್ ನಂಬರು ಕೇಳಿದ. ಕೂಸು ಅಳುವ ಮಾತು ಅವನಿಗೆ ನೆನಪಾಗಲೇ ಇಲ್ಲ.

ಕಳೆದ ತಿಂಗಳು ಮೂವರೂ ರಜೆಗೆ ಮಸ್ಕಿಗೆ ಬಂದಿದ್ದರು. ನಾನು ಹೋದಾಗ ಅಂಗಳದ ನಲ್ಲಿ ಸೋರುತ್ತಿತ್ತು, ಅಖ್ತರ್ ಹೊರಸಿನ ಮೇಲಿದ್ದ. ಹುಸೇನ್‌ಸಾಬ್ ನನ್ನ ಮುಂದೆ ಮಸ್ಕತ್ತಿನ ಮಾಳಿಗೆಯನ್ನು ಮಾತಿನಲ್ಲೇ ಮತ್ತೊಮ್ಮೆ ಕಟ್ಟಿ, ನಲ್ಲಿ ಬಿಚ್ಚುವ ಪಾನಾ ತಂದು ಮಗನ ಕೈಗಿಟ್ಟರು. ಅಖ್ತರ್ ಪಾನಾ ನೋಡಿದ, ನಲ್ಲಿ ನೋಡಿದ. ವಸೀಮಾ ಬಾಗಿಲಲ್ಲಿ ಕೂತು ಹುಸ್ನಾಳ ತಲೆ ಬಾಚುತ್ತಿದ್ದಳು, ಕತ್ತೆತ್ತಲಿಲ್ಲ.

“ಅಬ್ಬಾ,” ಅಂದ ಅಖ್ತರ್. “ಆ ಮಾಳಗಿ ವಸೀಮಾ ಮಾಡಿದ್ದು. ನಾ ಬರೇ ಜೋತು ಬಿದ್ದಿದ್ದೆ.”

ಈ ಸಲ ಹೇಳಿಸಲು ಎದುರಿಗೆ ಮಾಲೀಕನ ಹೆದರಿಕೆ ಇರಲಿಲ್ಲ; ಆದರೂ ಹೇಳಿದನಲ್ಲ, ಅಷ್ಟು ಬರೆದುಕೊಳ್ಳುತ್ತೇನೆ. ಹುಸೇನ್‌ಸಾಬ್ ಸೊಸೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸಿಟ್ಟಾಗಿ ಹೊರಟರೆಂದುಕೊಂಡೆ.

“ಪಾನಾ ಅಕಿ ಕೈಯಾಗ ಕೊಡು,” ಅಂದರು. “ನಾ ಹೋಗಿ ಮ್ಯಾಲಿನ ಟಾಕಿ ನೀರು ಬಂದ್ ಮಾಡಿ ಬರ್ತೀನಿ.”