ದನಿ ಮೊದಲು, ಚಿತ್ರ ಆಮೇಲೆ

ಆ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಲೈನ್ ಮೇಷ್ಟ್ರು ಎನ್ನುತ್ತಿದ್ದರು. ಸೋಂಕಿನ ವಾರ್ಡಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ; ಮನೆಯವರು ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಕೂತು ವಿಡಿಯೋ ಕರೆಯಲ್ಲೇ ಮುಖ ನೋಡಬೇಕು. ಸಂಜೆ ನಾಲ್ಕಾಯಿತೆಂದರೆ ಅರವತ್ತು ಕರೆ ಒಟ್ಟಿಗೇ ನುಗ್ಗುತ್ತಿದ್ದವು. ಇದ್ದದ್ದೊಂದೇ ಲೈನು. ಮಾತು ಚೂರುಚೂರಾಗಿ ಯಾರಿಗೂ ಏನೂ ಕೇಳುತ್ತಿರಲಿಲ್ಲ.

ಮೇಷ್ಟ್ರು ಮೂರು ವಾರ ಪಟ್ಟು ಹಿಡಿದು ಕೂತು ಒಂದು ನಿಯಮ ಬರೆದರು. ದಟ್ಟಣೆ ಹೆಚ್ಚಿದರೆ ಮೊದಲು ಚಿತ್ರ ಮಸುಕಾಗಬೇಕು, ಆಮೇಲೆ ನಿಲ್ಲಬೇಕು. ದನಿ ಮಾತ್ರ ಕಡಿಯಬಾರದು. ಕೊನೇ ಮಾತಾದರೂ ಕಿವಿಗೆ ಬೀಳಲಿ ಎಂಬುದು ಅವರ ಲೆಕ್ಕ. ದೂರುಗಳು ನಿಂತವು, ದೊಡ್ಡ ಡಾಕ್ಟರು ಬೆನ್ನು ತಟ್ಟಿದರು. ಊರವರ ಮಾತನ್ನೆಲ್ಲ ಸರಿಮಾಡುವವರಿಗೆ ನನ್ನ ಮಾತು ಮಾತ್ರ ಕೇಳಿಸಲ್ಲ ಎಂದು ಹೆಂಡತಿ ಛೇಡಿಸಿದಳು.

ಒಂದು ಸಂಜೆ ನರ್ಸಮ್ಮ ಅವರನ್ನು ಮೇಲೆ, ಮನೆಯವರು ಕೂರುವ ಕೋಣೆಗೆ ಕರೆಸಿದಳು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ನಿಂತುಹೋದ ಚಿತ್ರದೆದುರು ಕೈಯಾಡಿಸುತ್ತಿದ್ದಳು. ಅವಳಿಗೂ ಒಳಗಿದ್ದ ಗಂಡನಿಗೂ ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಸನ್ನೆಯಲ್ಲೇ. ತೆರೆಯ ಮೇಲೆ ಗಂಡನ ಬಲಗೈ ಎದೆಯ ಹತ್ತಿರ ಅರ್ಧಕ್ಕೇ ಕಲ್ಲಾಗಿತ್ತು. ದನಿ ಮಾತ್ರ ಸ್ಪಷ್ಟ: ಅವನ ಏದುಸಿರು, ಮಂಚ ಕಿರುಗುಟ್ಟಿದ್ದು. ಅವಳೊಬ್ಬಳನ್ನು ಬಿಟ್ಟು ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

ಮೇಷ್ಟ್ರು ಎದ್ದುಬಿದ್ದು ಕೆಳಗೋಡಿದರು. ನಿಯಮ ಎಲ್ಲ ಕರೆಗೂ ಒಂದೇ ಎಂದು ಬಿಗಿದವರು ಅವರೇ. ಅವಳೊಬ್ಬಳಿಗೆ ಸಡಿಲಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಚಿತ್ರ ಬಂದಾಗ ಗಂಡನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು, ಕೈಗಳು ಹೊದಿಕೆಯೊಳಗಿದ್ದವು. ಮರುದಿನ ಬೆಳಿಗ್ಗೆ ತೀರಿಕೊಂಡ.

ಅವನ ಸಾಮಾನು ಒಯ್ಯಲು ಬಂದಾಗ ಅವಳ ಜೊತೆ ತಂಗಿಯಿದ್ದಳು. ಅಕ್ಕನ ಕೈ ನೋಡಿ ಮೇಷ್ಟ್ರಿಗೆ ಹೇಳಿದಳು:

"ಭಾವ ಆ ಕೈಯಲ್ಲಿ ಏನು ಹೇಳೋಕೆ ಹೊರಟಿದ್ರು ಅಂತ ಕೇಳ್ತಿದ್ದಾಳೆ. ಅದು ಎಲ್ಲಾದ್ರೂ ಉಳಿದಿರುತ್ತಾ ಸಾರ್?"

"ಇಲ್ಲಮ್ಮ. ಬಾರದೇ ಹೋದ ಚಿತ್ರ ಎಲ್ಲೂ ಉಳಿಯಲ್ಲ."

ತಂಗಿ ಅದನ್ನು ಸನ್ನೆಯಲ್ಲಿ ಹೇಳಿದಳು. ಸಣ್ಣ ಸನ್ನೆ, ಬೇಗ ಮುಗಿಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಕಿವಿ ಕೇಳದವರಿಗೆ ಬೇರೆಯೇ ಲೈನು ಬೇಕೆಂದು ಮೇಷ್ಟ್ರು ಅರ್ಜಿ ಕೊಟ್ಟರು. ಅಂಥವರು ವರ್ಷಕ್ಕೆಷ್ಟು ಜನ ಬರುತ್ತಾರೆಂದು ಮೇಲಿನವರು ಕೇಳಿದರು. ಅಂಥ ಲೆಕ್ಕ ಆಸ್ಪತ್ರೆಯಲ್ಲಿ ಯಾರೂ ಇಟ್ಟಿರಲಿಲ್ಲ. ಲೈನೂ ಬರಲಿಲ್ಲ.

ಈಗಲೂ ಅದೇ ನೆಲಮಾಳಿಗೆಯಲ್ಲಿದ್ದಾರೆ. ನರ್ಸಮ್ಮ ಕರೆದರೆ ಫೋನಿನಲ್ಲೇ ಉತ್ತರ ಕೊಡುತ್ತಾರೆ. ಆ ಕೋಣೆಯ ಮೆಟ್ಟಿಲು ಮಾತ್ರ ಹತ್ತುವುದಿಲ್ಲ.